ಮಳೆಗಾಲದಲ್ಲಿ ಮುಳುಗುವ ಮುಂಬೈಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇಕೆ? ನೆಲದಡಿಯ ಲೆಕ್ಕಾಚಾರ ಇಲ್ಲಿದೆ

ಮುಂಬೈ: 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನಗರ ಮುಳುಗಿತ್ತು. 2025ರ ಏಪ್ರಿಲ್‌ನಲ್ಲಿ ಖಾಸಗಿ ಟ್ಯಾಂಕರ್ ಮಾಲೀಕರು ಮುಷ್ಕರ ಹೂಡಿದಾಗ ಅದೇ ನಗರದ ಹೌಸಿಂಗ್ ಸೊಸೈಟಿಗಳು ನೀರಿಗಾಗಿ ಪರದಾಡಿದವು. ಟ್ಯಾಂಕರ್ ತುಂಬಿಸುವ ಬಾವಿ, ಬೋರ್‌ವೆಲ್‌ಗಳಿಗೆ ಕೇಂದ್ರ ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕೆಂಬ ನಿಯಮವೇ ವಿವಾದದ ಮೂಲವಾಗಿತ್ತು. ಹಾಗಾದರೆ ಅಷ್ಟೊಂದು ಮಳೆ ನೀರು ಹೋಗುವುದೆಲ್ಲಿಗೆ?

ಮಳೆ ನೀರಿಗೆ ಮೂರು ದಾರಿ

ನೆಲಕ್ಕೆ ಬಿದ್ದ ಮಳೆಯಲ್ಲಿ ಒಂದು ಪಾಲು ಆವಿಯಾಗುತ್ತದೆ, ಒಂದು ಪಾಲು ಹರಿದು ಸಮುದ್ರ ಸೇರುತ್ತದೆ, ಉಳಿದದ್ದು ಮಣ್ಣಿಗೆ ಇಂಗುತ್ತದೆ. ಕಾಂಕ್ರೀಟ್, ಡಾಂಬರು ಹಾಕಿದ ಕಡೆ ಇಂಗುವ ಪಾಲು ಕುಗ್ಗಿ, ಹರಿಯುವ ಪಾಲು ಹಿಗ್ಗುತ್ತದೆ. ಜುಲೈನ ನೆರೆಗೂ ಮೇ ತಿಂಗಳ ಕೊರತೆಗೂ ಇದೂ ಒಂದು ಕಾರಣ.

ಕಪ್ಪು ಕಲ್ಲಿನ ಬಿರುಕುಗಳೇ ಉಗ್ರಾಣ

ಮುಂಬೈ ನೆಲದಡಿ ದೊಡ್ಡ ಕೆರೆಯೇನೂ ಇಲ್ಲ. ಇಲ್ಲಿರುವುದು ಹೆಚ್ಚಾಗಿ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾದಿಂದಾದ ಬಸಾಲ್ಟ್ ಕಲ್ಲು. ಗಟ್ಟಿ ಬಸಾಲ್ಟ್ ನೀರು ಹೀರುವುದಿಲ್ಲ. ಮೇಲಿನ ಶಿಥಿಲ ಪದರ ಮತ್ತು ಕಲ್ಲಿನ ಬಿರುಕುಗಳಲ್ಲಷ್ಟೇ ನೀರು ನಿಲ್ಲುತ್ತದೆ. ಆದ್ದರಿಂದಲೇ ಒಂದು ಸೊಸೈಟಿಯ ಬೋರ್‌ವೆಲ್‌ನಲ್ಲಿ ನೀರು ಸಿಕ್ಕರೂ ಪಕ್ಕದ ಸೊಸೈಟಿಯದ್ದು ಬತ್ತಿರಬಹುದು. ಈ ನೀರೂ ನಿಂತಲ್ಲೇ ನಿಲ್ಲದೆ, ಎತ್ತರದಿಂದ ತಗ್ಗಿಗೆ ನಿಧಾನವಾಗಿ ಜರುಗಿ ಕೊನೆಗೆ ಖಾರಿ, ಸಮುದ್ರ ಸೇರುತ್ತದೆ.

ಸಮುದ್ರದ ಬದಿಯಲ್ಲಿ ಸಿಹಿ ನೀರು ಹೇಗೆ?

ಚರ್ಚ್‌ಗೇಟ್ ಬಳಿಯ ಭಿಕಾ ಬೆಹ್ರಾಮ್ ಬಾವಿ 1725ರದ್ದು. ಸಮುದ್ರ ಹತ್ತಿರವಿದ್ದರೂ ಅದರ ನೀರು ಸಿಹಿ. ಸಿಹಿ ನೀರು ಉಪ್ಪು ನೀರಿಗಿಂತ ಹಗುರವಾದ್ದರಿಂದ ನೆಲದಡಿಯಲ್ಲಿ ಅದರ ಮೇಲೆ ತೇಲುತ್ತದೆ. ಸರಳ ಲೆಕ್ಕದಲ್ಲಿ, ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿ ನೀರಿದ್ದರೆ ಕೆಳಗೆ ಸುಮಾರು 40 ಮೀಟರ್‌ವರೆಗೂ ಸಿಹಿ ನೀರೇ ಇರುತ್ತದೆ. ಮಿತಿ ಮೀರಿ ಪಂಪ್ ಮಾಡಿದರೆ ಈ ಲೆಕ್ಕ ತಿರುಗುಮುರುಗಾಗಿ ಉಪ್ಪು ನೀರು ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ವರ್ಷಗಳೇ ಬೇಕಾಗಬಹುದು.

ಛಾವಣಿಯ ಲೆಕ್ಕ

ಮುಂಬೈಗೆ ಕುಡಿಯುವ ನೀರು ಕೊಡುವ 7 ಜಲಾಶಯಗಳಲ್ಲಿ ವಿಹಾರ್ ಮತ್ತು ತುಳಸಿ ಮಾತ್ರ ನಗರದೊಳಗಿವೆ. ಉಳಿದವು ದೂರದ ಜಿಲ್ಲೆಗಳಲ್ಲಿವೆ. ಆದರೆ ವರ್ಷಕ್ಕೆ ಸುಮಾರು 2,200 ಮಿ.ಮೀ. ಮಳೆ ಬಿದ್ದರೆ, 500 ಚದರ ಮೀಟರ್ ಛಾವಣಿಯೊಂದರ ಮೇಲೇ 11 ಲಕ್ಷ ಲೀಟರ್ ನೀರು ಬೀಳುತ್ತದೆ. ಅಂದರೆ 10 ಸಾವಿರ ಲೀಟರ್‌ನ 110 ಟ್ಯಾಂಕರ್! ಅಷ್ಟನ್ನೂ ಹಿಡಿಯಲಾಗದು, ಜೋರು ಮಳೆಯಲ್ಲಿ ಬಸಾಲ್ಟ್ ಅಷ್ಟನ್ನು ನುಂಗಲೂ ಆರದು. ಹಾಗಾಗಿ ಇಂಗುಗುಂಡಿ ತೋಡುವ ಮುನ್ನ ಕೆಳಗೆ ಬಿರುಕುಬಿಟ್ಟ ಕಲ್ಲಿದೆಯೇ ಎಂದು ತಜ್ಞರಿಂದ ಪರೀಕ್ಷಿಸಿಕೊಳ್ಳಿ. ಅಂತರ್ಜಲ ಮೇಲ್ಮಟ್ಟದಲ್ಲೇ ಇರುವ ಕರಾವಳಿ ಭಾಗದಲ್ಲಿ ಇಂಗಿಸುವುದಕ್ಕಿಂತ ತೊಟ್ಟಿಯಲ್ಲಿ ಹಿಡಿದಿಟ್ಟು ಶೌಚಾಲಯ, ತೋಟಕ್ಕೆ ಬಳಸುವುದೇ ಲಾಭ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ನಂತರದ್ದನ್ನು ಸೋಸಿ ಒಳಬಿಡಿ. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ.