ಪರದೆ ತೋರಿಸುವುದು ಬೇರೆ, ಹಿಡಿತ ಒಪ್ಪಿಸುವುದು ಬೇರೆ



ಹಂಚಿಕೊಳ್ಳುವುದು ಎಂಬ ಮಾತು ನಮಗೆ ಹೊಸದಲ್ಲ. ಬುತ್ತಿ ಹಂಚಿಕೊಳ್ಳುತ್ತೇವೆ, ಕಷ್ಟಸುಖ ಹಂಚಿಕೊಳ್ಳುತ್ತೇವೆ. ಕ್ರಿಸ್ಮಸ್ ಬಂತೆಂದರೆ ಮನೆಯಲ್ಲಿ ಮಾಡಿದ ಕಜ್ಜಾಯ, ಕರ್ಜಿಕಾಯಿಗಳನ್ನು ತಟ್ಟೆಯಲ್ಲಿಟ್ಟು ನೆರೆಮನೆಗೆ ಕೊಟ್ಟು ಬರುತ್ತೇವೆ. ಕೊಟ್ಟಷ್ಟು ನಮ್ಮ ಡಬ್ಬಿಯಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದ ಎಷ್ಟು ಕೊಟ್ಟೆವು ಎಂಬುದು ನಮಗೆ ಗೊತ್ತಿರುತ್ತದೆ. ಆದರೆ ಆನ್‌ಲೈನ್ ಸಭೆಯಲ್ಲಿ ಯಾರೋ ಒಬ್ಬರು "ನಿಮ್ಮ ಸ್ಕ್ರೀನ್ ಶೇರ್ ಮಾಡಿ" ಎಂದಾಗ ನಾವು ಏನನ್ನು ಕೊಡುತ್ತಿದ್ದೇವೆ? ಎಷ್ಟು ಕೊಡುತ್ತಿದ್ದೇವೆ? ಅದಾದ ಮೇಲೆ "ಕಂಟ್ರೋಲ್ ಕೊಡಿ" ಎಂದರೆ, ಅದು ಇನ್ನೇನು? ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಮಗನೋ ಮಗಳೋ ದೂರದೂರಿನಲ್ಲಿ ಇಲ್ಲದ ಮನೆಗಳು ಕಡಿಮೆ. ಆದ್ದರಿಂದ ಈ ಎರಡು ಮಾತುಗಳ ನಡುವಿನ ಅಂತರವನ್ನು ಸ್ವಲ್ಪ ನಿಧಾನವಾಗಿಯೇ ಅರ್ಥೈಸಿಕೊಳ್ಳೋಣ.

ಇದು ಕೊರೊನಾ ಕಾಲದಲ್ಲಿ ಹುಟ್ಟಿದ ವಿದ್ಯೆ ಎಂದು ಹಲವರು ಭಾವಿಸಿದ್ದಾರೆ. ಅದು ಹಾಗಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ ಸುಮಾರು ಸಾವಿರ ಜನರ ಮುಂದೆ ಒಂದೂವರೆ ಗಂಟೆಯ ಪ್ರಾತ್ಯಕ್ಷಿಕೆ ನೀಡಿದರು. ನಾವಿಂದು ಕೈಯಲ್ಲಿ ಹಿಡಿಯುವ ಮೌಸ್ ಅಲ್ಲಿಯೇ ದೊಡ್ಡ ಸಭೆಯೊಂದರ ಕಣ್ಣಿಗೆ ಬಿದ್ದದ್ದು. ಅದೇ ದಿನ ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕ್‌ನಲ್ಲಿ ಕುಳಿತಿದ್ದ ತಮ್ಮ ಸಹೋದ್ಯೋಗಿಯೊಡನೆ ಒಂದೇ ಬರಹವನ್ನು ಒಂದೇ ಪರದೆಯ ಮೇಲೆ ನೋಡುತ್ತಾ, ಇಬ್ಬರೂ ತಮ್ಮ ತಮ್ಮ ಗುರುತಿನ ಚುಕ್ಕೆಯಿಂದ ತೋರಿಸುತ್ತಾ, ಪರಸ್ಪರ ಮುಖ ನೋಡಿ ಮಾತನಾಡಿದರು. ಸಾಮಾನ್ಯ ಜನರ ಗಣಕಯಂತ್ರಕ್ಕೆ ಇದು ಬಂದದ್ದು 1996ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯ ನೆಟ್‌ಮೀಟಿಂಗ್ ಎಂಬ ತಂತ್ರಾಂಶದ ಮೂಲಕ. ಫೋನ್ ತಂತಿಯ ಅಂತರ್ಜಾಲದಲ್ಲಿ ಅದು ಆಮೆಯ ನಡಿಗೆಯಲ್ಲಿ ಸಾಗುತ್ತಿತ್ತು. ಆದರೂ ಅದರಲ್ಲಿ ಒಂದು ಒಳ್ಳೆಯ ಗುಣವಿತ್ತು: ನಿಮ್ಮ ಪ್ರೋಗ್ರಾಮನ್ನು ಇತರರಿಗೆ ತೋರಿಸುವುದು ಒಂದು ಹೆಜ್ಜೆ, ಅದನ್ನು ನಡೆಸಲು ಬಿಡುವುದು ಇನ್ನೊಂದು ಹೆಜ್ಜೆ. ಬೇಡವೆನಿಸಿದರೆ ಎಸ್ಕೇಪ್ ಕೀಲಿ ಒತ್ತಿದರೆ ಸಾಕು, ಹಿಡಿತ ಮರಳಿ ನಿಮ್ಮ ಕೈಗೆ. ಇಂದಿನ ಝೂಮ್, ಟೀಮ್ಸ್‌ಗಳಲ್ಲಿಯೂ ಈ ಎರಡು ಹೆಜ್ಜೆಗಳು ಹಾಗೆಯೇ ಉಳಿದಿವೆ.

ಮೊದಲ ಹೆಜ್ಜೆಯನ್ನು ನೋಡೋಣ. ನೀವು ಒಂದು ಲೆಕ್ಕದ ಪಟ್ಟಿಯನ್ನು ತೆರೆದು ಶೇರ್ ಮಾಡಿದಿರಿ ಎನ್ನಿ. ಆ ಪಟ್ಟಿ ಯಾರ ಯಂತ್ರಕ್ಕೂ ಹೋಗುವುದಿಲ್ಲ. ಹೋಗುವುದು ಅದರ ಚಿತ್ರ ಮಾತ್ರ. ನಿಮ್ಮ ಯಂತ್ರವು ಸೆಕೆಂಡಿಗೆ ಹಲವು ಬಾರಿ ಪರದೆಯ ಚಿತ್ರವನ್ನು ತೆಗೆದು, ಹೆಚ್ಚಾಗಿ ಬದಲಾದ ಭಾಗವನ್ನಷ್ಟೇ ಹೊಸದಾಗಿ ಕಳುಹಿಸುತ್ತದೆ. ಅಕ್ಷರಗಳು ನಿಂತಲ್ಲೇ ನಿಂತಿರುವ ಪುಟ ಸಲೀಸಾಗಿ ಕಾಣುವುದಕ್ಕೂ, ವಿಡಿಯೋ ಹಾಕಿದ ಕೂಡಲೇ ತಡವರಿಸುವುದಕ್ಕೂ ಇದೇ ಕಾರಣ.

ಚಿತ್ರ ಮಾತ್ರ ಹೋಗುವುದರಿಂದ ಕನ್ನಡಿಗರಾದ ನಮಗೆ ಒಂದು ದೊಡ್ಡ ಉಪಕಾರವಿದೆ. ಸ್ಮರಣ ಸಂಚಿಕೆ ತಂದ ಅನುಭವ ಇರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನುಡಿ ಅಥವಾ ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲಿ ಪುಟ ಕಟ್ಟಿದ ಕಡತವನ್ನು ಬೇರೆಯವರಿಗೆ ಮಿಂಚಂಚೆಯಲ್ಲಿ ಕಳುಹಿಸಿದರೆ, ಅವರ ಯಂತ್ರದಲ್ಲಿ ಆ ಅಕ್ಷರಗಳು ಇಲ್ಲದಿದ್ದರೆ, ತೆರೆದುಕೊಳ್ಳುವುದು ಕನ್ನಡವಲ್ಲ. ಯಾರಿಗೂ ಅರ್ಥವಾಗದ ಚಿಹ್ನೆಗಳ ಸಂತೆ. ಅದೇ ಪುಟವನ್ನು ಸಭೆಯಲ್ಲಿ ಶೇರ್ ಮಾಡಿ ತೋರಿಸಿದರೆ ಕುವೈತಿನಲ್ಲಿ ಕುಳಿತ ಸಂಪಾದಕ ಮಂಡಳಿಯ ಸದಸ್ಯರಿಗೂ ಒತ್ತಕ್ಷರ ಸಹಿತ ನಿಮಗೆ ಕಂಡಂತೆಯೇ ಕಾಣುತ್ತದೆ. "ಮೂರನೇ ಸಾಲಿನಲ್ಲಿ ದೀರ್ಘ ಬಿಟ್ಟುಹೋಗಿದೆ" ಎಂದು ಅವರು ಅಲ್ಲಿಂದಲೇ ಹೇಳಬಹುದು. ಅವರ ಯಂತ್ರದಲ್ಲಿ ಆ ಅಕ್ಷರಗಳೂ ಬೇಡ, ಪುಟ ಕಟ್ಟುವ ತಂತ್ರಾಂಶವೂ ಬೇಡ.

ಆದರೆ ಶೇರ್ ಗುಂಡಿ ಒತ್ತಿದಾಗ ಯಂತ್ರವು ಒಂದು ಪ್ರಶ್ನೆ ಕೇಳುತ್ತದೆ. ಇಡೀ ಪರದೆಯನ್ನು ತೋರಿಸಬೇಕೇ, ಒಂದು ಅಪ್ಲಿಕೇಶನ್‌ನ ಕಿಟಕಿಯನ್ನು ಮಾತ್ರವೇ? ಗೂಗಲ್ ಮೀಟ್‌ನಲ್ಲಾದರೆ ಬ್ರೌಸರಿನ ಒಂದೇ ಒಂದು ಟ್ಯಾಬನ್ನೂ ಆರಿಸಿಕೊಳ್ಳಬಹುದು. ಅವಸರದಲ್ಲಿ ನಮ್ಮಲ್ಲಿ ಬಹುತೇಕರು ಮೊದಲು ಕಂಡದ್ದನ್ನೇ, ಅಂದರೆ ಇಡೀ ಪರದೆಯನ್ನೇ ಒತ್ತುತ್ತಾರೆ. ಅದರಿಂದ ಏನಾಗುತ್ತದೆ? ಧರ್ಮಕೇಂದ್ರದ ಕಚೇರಿಯ ಗಣಕಯಂತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಜ್ಞಾನಸ್ನಾನದ ದಾಖಲೆಗಳಿವೆ, ವಿವಾಹದ ಕಾಗದಪತ್ರಗಳಿವೆ, ಸಂತ ವಿನ್ಸೆಂಟ್ ದೇ ಪೌಲರ ಸಭೆಯಿಂದ ನೆರವು ಪಡೆಯುವ ಕುಟುಂಬಗಳ ಪಟ್ಟಿಯಿದೆ. ಆ ಸಭೆಯ ಸದಸ್ಯರು ಯಾರ ಮನೆಗೆ ಅಕ್ಕಿ ಕೊಟ್ಟೆವೆಂದು ತಮ್ಮ ಮನೆಯಲ್ಲಿಯೂ ಹೇಳುವುದಿಲ್ಲ. ಹೀಗಿರುವಾಗ ಹಬ್ಬದ ಖರ್ಚಿನ ಲೆಕ್ಕ ತೋರಿಸಲು ಹೋಗಿ ಇಡೀ ಪರದೆ ಹಂಚಿದರೆ, ಕಡತವನ್ನು ತೆರೆಯದಿದ್ದರೂ ಅದರ ಹೆಸರೇ ನಲವತ್ತು ಜನರ ಮುಂದೆ ಎಲ್ಲವನ್ನೂ ಹೇಳಿಬಿಡುತ್ತದೆ. ಮನೆಯ ಯಂತ್ರವೂ ಇದಕ್ಕಿಂತ ಬೇರೆಯಲ್ಲ. ಆಸ್ಪತ್ರೆಯ ವರದಿ, ಮಗಳ ಸಂಬಂಧದ ಮಾತುಕತೆ, ಸಾಲದ ಪತ್ರ, ಮೂಲೆಯಲ್ಲಿ ಇಣುಕುವ ವಾಟ್ಸಾಪ್ ಸಂದೇಶ ಎಲ್ಲವೂ ಚಿತ್ರದೊಳಗೆ ಸೇರಿಕೊಳ್ಳುತ್ತವೆ. ಬೇಕಾದ ಒಂದು ಕಿಟಕಿಯನ್ನು ಮಾತ್ರ ಆರಿಸಿಕೊಂಡರೆ ಇದ್ಯಾವುದೂ ಕಾಣುವುದಿಲ್ಲ. ಝೂಮ್‌ನಲ್ಲಿ ನೀವು ಹಂಚುತ್ತಿರುವ ಭಾಗದ ಸುತ್ತ ಹಸಿರು ಗೆರೆ ಮೂಡುತ್ತದೆ. ಆ ಗೆರೆ ಎಲ್ಲಿದೆ ಎಂದು ಒಮ್ಮೆ ಕಣ್ಣಾಡಿಸಿದರೆ ಎಷ್ಟು ಕೊಟ್ಟಿದ್ದೇವೆಂದು ತಿಳಿಯುತ್ತದೆ. (ಉಚಿತ ಝೂಮ್ ಸಭೆ 40 ನಿಮಿಷಕ್ಕೆ ತಾನಾಗಿಯೇ ಮುಗಿಯುತ್ತದೆ. ಗುರುಗಳ ಪ್ರಬೋಧನೆಗೂ ಇಂಥದೊಂದು ವ್ಯವಸ್ಥೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ನಮ್ಮ ಯುವಕರೊಬ್ಬರು ಹೇಳಿದ್ದುಂಟು.)

ಸಭೆ ಕರೆದವರಿಗೂ ಒಂದು ಜವಾಬ್ದಾರಿಯಿದೆ. 2020ರ ಲಾಕ್‌ಡೌನ್ ಸಮಯದಲ್ಲಿ ಜಗತ್ತಿನ ಹಲವೆಡೆ ತರಗತಿಗಳಿಗೆ, ಪ್ರಾರ್ಥನಾ ಕೂಟಗಳಿಗೆ ಅಪರಿಚಿತರು ನುಗ್ಗಿ, ತಮ್ಮ ಪರದೆಯನ್ನು ಹಂಚಿ ಅಸಹ್ಯ ಚಿತ್ರಗಳನ್ನು ತೋರಿಸಿದರು. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ ಈ ಬಗ್ಗೆ ಎಚ್ಚರಿಕೆ ನೀಡಿತು. ಏಪ್ರಿಲ್‌ನಲ್ಲಿ ಝೂಮ್ ಸಂಸ್ಥೆ ಪಾಸ್‌ವರ್ಡ್ ಮತ್ತು ಹೊರಗೆ ಕಾಯಿಸುವ ಕೋಣೆಯ ವ್ಯವಸ್ಥೆಯನ್ನು ತಾನಾಗಿಯೇ ಜಾರಿಯಾಗುವಂತೆ ಮಾಡಿತು. ಯಾರು ಬೇಕಾದರೂ ಪರದೆ ಹಂಚಬಹುದೇ, ಸಭೆ ನಡೆಸುವವರು ಮಾತ್ರವೇ ಎಂಬ ಆಯ್ಕೆ ಈಗ ನಡೆಸುವವರ ಕೈಯಲ್ಲೇ ಇದೆ. ಮಕ್ಕಳ ಧರ್ಮೋಪದೇಶ ತರಗತಿಯನ್ನು ಆನ್‌ಲೈನ್‌ನಲ್ಲಿ ನಡೆಸುವ ಉಪದೇಶಿಗಳು ಎರಡನೆಯದನ್ನು ಆರಿಸಿಕೊಂಡರೆ ಪೋಷಕರಿಗೂ ನೆಮ್ಮದಿ.

ಈಗ ಎರಡನೇ ಹೆಜ್ಜೆಗೆ ಬರೋಣ. ಮುಖ್ಯವಾದದ್ದು ಇದೇ.

ಹಿಡಿತ ಕೊಡುವುದೆಂದರೆ ಚಿತ್ರ ಹೊರಗೆ ಹೋಗುವುದರ ಜೊತೆಗೆ, ಅತ್ತಲಿನವರ ಮೌಸ್ ಚಲನೆ ಮತ್ತು ಕೀಲಿಗಳ ಒತ್ತು ಒಳಗೆ ಬರುವುದು. ನಿಮ್ಮ ಯಂತ್ರವು ಅದನ್ನು ನೀವೇ ಒತ್ತಿದಂತೆ ಸ್ವೀಕರಿಸುತ್ತದೆ. ಸ್ಮರಣ ಸಂಚಿಕೆಯ ನಿದರ್ಶನವನ್ನೇ ಮುಂದುವರಿಸಿದರೆ, ಕುವೈತಿನವರು ತಾವೇ ಚಿತ್ರವೊಂದನ್ನು ಎಡಕ್ಕೆ ಸರಿಸಿ, ಪುಟವನ್ನು ಉಳಿಸಿದರೆಂದುಕೊಳ್ಳಿ. ಉಳಿದದ್ದು ಎಲ್ಲಿ? ಅವರಲ್ಲಲ್ಲ, ನಿಮ್ಮಲ್ಲಿ. ಅವರು ಏನನ್ನಾದರೂ ಅಳಿಸಿದರೆ ಅಳಿದದ್ದೂ ನಿಮ್ಮಲ್ಲಿಯೇ. ನಿಮ್ಮ ಮಿಂಚಂಚೆ ತೆರೆದಿದ್ದು ಅವರು ಅಲ್ಲಿಂದ ಒಂದು ಪತ್ರ ಕಳುಹಿಸಿದರೆ, ಅದು ನಿಮ್ಮ ಹೆಸರಿನಲ್ಲಿ ಹೋಗುತ್ತದೆ. ಕೈ ಅವರದು, ಸಹಿ ನಿಮ್ಮದು. ಯಂತ್ರಕ್ಕೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಗೂಗಲ್ ಡಾಕ್ಸ್‌ನಂಥ ವ್ಯವಸ್ಥೆಯಲ್ಲಿ ಹತ್ತು ಜನ ಒಂದೇ ಬರಹವನ್ನು ತಿದ್ದಿದರೂ, ತಮ್ಮ ಖಾತೆಯಿಂದ ಬಂದವರು ಏನು ತಿದ್ದಿದರೆಂದು ಹೆಸರು ಸಹಿತ ದಾಖಲಾಗುತ್ತದೆ. ಇಲ್ಲಿ ಅದಿಲ್ಲ.

ಹಾಗೆಂದು ಹೆದರಬೇಕಾಗಿಲ್ಲ. ಝೂಮ್‌ನಲ್ಲಿ ನೋಡುವವರು ಹಿಡಿತಕ್ಕಾಗಿ ವಿನಂತಿ ಕಳುಹಿಸಬೇಕು, ನೀವು ಒಪ್ಪಬೇಕು. ನಿಮ್ಮ ಮೌಸನ್ನು ನೀವೇ ಒತ್ತಿದರೆ ಹಿಡಿತ ಮರಳುತ್ತದೆ. ಟೀಮ್ಸ್‌ನಲ್ಲಿ 'ಟೇಕ್ ಬ್ಯಾಕ್ ಕಂಟ್ರೋಲ್' ಎಂಬ ಗುಂಡಿಯಿದೆ. ಯಾವುದೂ ತೋಚದಿದ್ದರೆ ಹಂಚುವುದನ್ನೇ ನಿಲ್ಲಿಸಿ. ಚಿತ್ರ ನಿಂತರೆ ಹಿಡಿತವೂ ನಿಲ್ಲುತ್ತದೆ. ಗೊತ್ತಿರುವವರ ನಡುವೆ, ನೀವು ಪರದೆಯ ಮುಂದೆ ಕುಳಿತು ನೋಡುತ್ತಿರುವಾಗ, ಇದು ನಿಜಕ್ಕೂ ಒಳ್ಳೆಯ ಸಾಧನ. ಬೆಂಗಳೂರಿನ ಮಗಳು ಊರಿನಲ್ಲಿರುವ ಅಪ್ಪನ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಸರಿಮಾಡಿಕೊಟ್ಟರೆ ಅಪ್ಪನಿಗೆ ಒಂದು ದಿನದ ಬಸ್ ಪ್ರಯಾಣ ಉಳಿಯಿತು.

ಅಪಾಯ ಬರುವುದು ಬೇರೆ ಬಾಗಿಲಿನಿಂದ. ಸಭೆಯ ಹಂಗೇ ಇಲ್ಲದೆ ನೇರವಾಗಿ ಹಿಡಿತವನ್ನೇ ಕೊಡುವ ತಂತ್ರಾಂಶಗಳಿವೆ: ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದವು. ಇವು ಕೆಟ್ಟವೇನಲ್ಲ, ಗಣಕಯಂತ್ರ ರಿಪೇರಿ ಮಾಡುವವರು ದಿನವೂ ಬಳಸುತ್ತಾರೆ. ಆದರೆ ವಂಚಕರ ಕಣ್ಣು ಇವುಗಳ ಮೇಲೆ ಬಿದ್ದಿದೆ. 2019ರ ಫೆಬ್ರುವರಿಯಲ್ಲಿಯೇ ಭಾರತೀಯ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಬಳಸಿ ನಡೆಯುವ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು. ಕ್ರಮ ಹೀಗೆ: ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಬರುತ್ತದೆ. ಕೆವೈಸಿ ಮುಗಿದಿದೆ, ಖಾತೆ ನಿಂತುಹೋಗುತ್ತದೆ ಎನ್ನುತ್ತಾರೆ. ಸಹಾಯಕ್ಕೆಂದು ಒಂದು ಆ್ಯಪ್ ಹಾಕಿಸುತ್ತಾರೆ. ಆ್ಯಪ್ ತೆರೆದರೆ ಸಂಖ್ಯೆಯೊಂದು ಕಾಣುತ್ತದೆ. ಅದನ್ನು ಓದಿ ಹೇಳಿಸಿಕೊಳ್ಳುತ್ತಾರೆ, ಬಳಿಕ ಬರುವ ಅನುಮತಿಗಳಿಗೆಲ್ಲ 'ಸರಿ' ಎಂದು ಒತ್ತಿಸುತ್ತಾರೆ. ಅಲ್ಲಿಗೆ ಬಾಗಿಲು ತೆರೆಯಿತು. ಒಟಿಪಿಯನ್ನು ಅವರು ನಿಮ್ಮಿಂದ ಕೇಳುವುದೇ ಇಲ್ಲ. ಪರದೆಯ ಮೇಲೆ ಬಂದದ್ದನ್ನು ತಾವೇ ಓದಿಕೊಳ್ಳುತ್ತಾರೆ. "ಒಟಿಪಿ ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆಯನ್ನು ಚಾಚೂ ತಪ್ಪದೆ ಪಾಲಿಸಿದವರೂ ಇಲ್ಲಿ ಮೋಸ ಹೋಗುತ್ತಾರೆ.

ಈಗ ಎಷ್ಟೋ ಬಾರಿ ಹೊಸ ಆ್ಯಪ್ ಕೂಡ ಬೇಕಿಲ್ಲ. 2023ರ ಆಗಸ್ಟ್‌ನಿಂದ ವಾಟ್ಸಾಪ್ ವಿಡಿಯೋ ಕರೆಯಲ್ಲಿಯೇ ಪರದೆ ಹಂಚುವ ಸೌಲಭ್ಯ ಬಂದಿದೆ. ಅಲ್ಲಿ ಹಿಡಿತ ಹೋಗುವುದಿಲ್ಲ, ನೋಟ ಮಾತ್ರ. ಆದರೆ ಒಟಿಪಿ ಕದಿಯಲು ನೋಟವೇ ಸಾಕಲ್ಲವೇ? ಆಂಡ್ರಾಯ್ಡ್ 15ರ ಫೋನುಗಳು ಪರದೆ ಹಂಚುವಾಗ ಒಟಿಪಿ ಬಂದ ಸೂಚನೆಯ ಒಳಮಾತನ್ನು ಮರೆಮಾಡುತ್ತವೆ. ಹಲವು ಬ್ಯಾಂಕ್ ಆ್ಯಪ್‌ಗಳು ಆ ಹೊತ್ತಿಗೆ ಕಪ್ಪು ಪರದೆ ತೋರಿಸುತ್ತವೆ. ಆದರೆ ನಮ್ಮ ಹಿರಿಯರ ಕೈಯಲ್ಲಿ ಇರುವುದು ಮಕ್ಕಳು ಬಳಸಿ ಬಿಟ್ಟ ಹಳೆಯ ಫೋನು.

ನನಗೆ ಪರಿಚಯವಿರುವ ವಿಧವೆ ತಾಯಿಯೊಬ್ಬರು ಹೀಗೆಯೇ ಗಂಡನ ಪಿಂಚಣಿಯ ಹಣ ಕಳೆದುಕೊಂಡರು. ಹಣ ಹೋದದ್ದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಬೇರೆ: ಮಗ ಬೈಯುತ್ತಾನೆಂದು ಹೆದರಿ ಆಕೆ ಮೂರು ತಿಂಗಳು ಯಾರಿಗೂ ಹೇಳಲಿಲ್ಲ. "ನಾನೇ ಕೈಯಾರೆ ಒತ್ತಿದೆ ಫಾದರ್, ಯಾರನ್ನು ದೂರಲಿ?" ಎಂದರು. ಈ ನಾಚಿಕೆಯೇ ವಂಚಕನ ಎರಡನೇ ಆಯುಧ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗಬೇಗ ಸಾಗುತ್ತಿರುತ್ತದೆ. ನಡುವೆ ಎಲ್ಲಾದರೂ ತಡೆಹಿಡಿಯಬೇಕಾದರೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಮೂರು ತಿಂಗಳ ಬಳಿಕ ದೂರು ಕೊಡಬಹುದು. ಹಣ ಸಿಗುವ ಆಸೆ ಮಾತ್ರ ಬಹಳ ಕಡಿಮೆ. ಆದ್ದರಿಂದ ಮಕ್ಕಳಿಗೆ ನನ್ನ ವಿನಂತಿ ಇಷ್ಟೆ: "ಅಮ್ಮ, ಏನೇ ಆದರೂ ಮೊದಲು ನನಗೆ ಫೋನ್ ಮಾಡು, ನಾನು ಬೈಯುವುದಿಲ್ಲ" ಎಂದು ಈಗಲೇ, ಏನೂ ಆಗದಿರುವಾಗಲೇ, ಹೇಳಿಡಿ. ಬ್ಯಾಂಕಿನವರು ಪರದೆ ಹಂಚಲು ಕೇಳುವುದಿಲ್ಲ ಎಂಬುದನ್ನೂ ಅದರ ಜೊತೆಯಲ್ಲೇ ತಿಳಿಸಿ.

ಅಂಥ ಕರೆಯ ನಡುವೆಯೇ ಸಂಶಯ ಬಂದರೆ ಏನು ಮಾಡಬೇಕು? ಅವರೊಡನೆ ವಾದಕ್ಕೆ ಇಳಿಯಬೇಡಿ. ಫೋನಿನ ಡೇಟಾ ಮತ್ತು ವೈಫೈ ಆರಿಸಿ, ಅಥವಾ ಫೋನನ್ನೇ ಆರಿಸಿ. ಸಂಪರ್ಕ ಕಡಿದರೆ ಅವರ ಕೈಯೂ ಕಡಿದಂತೆ. ಬೇರೆಯವರ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ಆ ಆ್ಯಪನ್ನು ತೆಗೆದುಹಾಕದೆ ಮತ್ತೆ ಡೇಟಾ ಹಾಕಬೇಡಿ. ಆಂಡ್ರಾಯ್ಡ್ ಫೋನನ್ನು ದೂರದಿಂದ ನಡೆಸಲು ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಆಕ್ಸೆಸಿಬಿಲಿಟಿ ಎಂಬ ಅನುಮತಿಯನ್ನು ಪಡೆಯುತ್ತವೆ. ಕಣ್ಣು ಕಾಣದವರಿಗೆ, ಬೆರಳಾಡಿಸಲು ಕಷ್ಟಪಡುವವರಿಗೆ ನೆರವಾಗಲೆಂದು ಮಾಡಿದ ಸೌಲಭ್ಯವದು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆರೆದರೆ ಯಾವ ಯಾವ ಆ್ಯಪ್‌ಗಳಿಗೆ ಅದು ಸಿಕ್ಕಿದೆ ಎಂಬ ಪಟ್ಟಿ ಕಾಣುತ್ತದೆ. ಈ ಸಲ ರಜೆಗೆ ಮನೆಗೆ ಬಂದ ಮಕ್ಕಳು ಅಪ್ಪ ಅಮ್ಮನ ಫೋನಿನಲ್ಲಿ ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ. ಯಾರೋ ರಿಪೇರಿಯವರು ಎಂದೋ ಹಾಕಿ ಮರೆತ ಎನಿಡೆಸ್ಕ್ ಲ್ಯಾಪ್‌ಟಾಪಿನಲ್ಲಿ ಉಳಿದಿದೆಯೇ, ಯಾರೂ ಒಪ್ಪಿಗೆ ಕೊಡದಿದ್ದರೂ ಒಳಬರಲು ಅದಕ್ಕೊಂದು ಪಾಸ್‌ವರ್ಡ್ ಇಟ್ಟಿದ್ದಾರೆಯೇ ಎಂಬುದನ್ನೂ ನೋಡಿ, ಬೇಡವಾದರೆ ತೆಗೆದುಹಾಕಲಿ. ಹತ್ತು ನಿಮಿಷದ ಕೆಲಸ. ಭಾನುವಾರ ಪೂಜೆ ಮುಗಿಸಿ ಬಂದು, ಊಟಕ್ಕೆ ಕೂರುವ ಮೊದಲೇ ಮುಗಿಯುತ್ತದೆ.