ಇಪ್ಪತ್ತೈದು ಫೋಟೊ, ಐದು ಗುಟ್ಟು!

ಮಾರಿಕುಪ್ಪಂನವರೇ, ಒಂದು ಪಂದ್ಯ! ನಿಮ್ಮ ಬ್ಯಾಂಕ್ ಪಾಸ್‌ವರ್ಡನ್ನು ಥಟ್ಟನೆ ನೆನಪಿಸಿಕೊಳ್ಳಿ. ತಡವರಿಸಿದಿರಾ? ಸರಿ, ಮೈನಿಂಗ್ ಲೈನಿನ ಮನೆ ಬಾಗಿಲಲ್ಲಿ ಕೂತ ನಿಮ್ಮಜ್ಜಿಯ ಹಳೇ ಫೋಟೊ? ಇಪ್ಪತ್ತೈದು ಅಜ್ಜಿಯರ ನಡುವೆ ಇಟ್ಟರೂ ಗುರುತು ಹಿಡೀತೀರಿ!

ಆ ಫೋಟೊನೇ ಪಾಸ್‌ವರ್ಡ್ ಆಗಿಬಿಟ್ಟರೆ?

ಆಗುತ್ತೆ! ಅಕ್ಷರ ಬೇಡ, ಅಂಕಿ ಬೇಡ. ಪರದೆ ಮೇಲೆ 25 ಚಿತ್ರ, ಅವುಗಳಲ್ಲಿ ನಿಮ್ಮವು 5. ಮುಟ್ಟಿದರೆ ಲಾಗಿನ್ ಆಯ್ತು!

ಹಾಗಾದರೆ ಕಳ್ಳನಿಗೂ ಸುಲಭ ಅಂತೀರಾ? ಊಹಿಸಿ ನೋಡಿ. ಎಟಿಎಂನ ನಾಲ್ಕಂಕಿ ಪಿನ್ನಿಗೆ ಇರುವ ಸಾಧ್ಯತೆ 10,000. ಇಪ್ಪತ್ತೈದರಲ್ಲಿ ಐದು ಆರಿಸಲು? ಇಪ್ಪತ್ತು ಸಾವಿರ? ಮೂವತ್ತು? ಅಲ್ಲ ಸ್ವಾಮಿ, 53,130!

ಇನ್ನೂ ಇದೆ. ಬರ್ಕ್ಲಿ ವಿಶ್ವವಿದ್ಯಾಲಯದ ರಚನಾ ಧಮೀಜಾ, ಏಡ್ರಿಯನ್ ಪೆರಿಗ್ 2000ದಲ್ಲಿ ಪ್ರಕಟಿಸಿದ ಪ್ರಯೋಗ. 20 ಮಂದಿಯನ್ನು ಕೂರಿಸಿ ಪಿನ್, ಪಾಸ್‌ವರ್ಡ್, ಫೋಟೊ ಎಲ್ಲವನ್ನೂ ಆರಿಸಿಕೊಳ್ಳಿ ಅಂದರು. ವಾರ ಬಿಟ್ಟು ಮತ್ತೆ ಕರೆದರು. ಪಿನ್ನಿನಲ್ಲಿ ಸೋತವರು 7. ಪಾಸ್‌ವರ್ಡಿನಲ್ಲಿ 6. ಫೋಟೊದಲ್ಲಿ? ಒಬ್ಬರೇ ಒಬ್ಬರು! ಅದೂ ಯಾರೋ ತೆಗೆದ ಫೋಟೊಗಳು.

ಸ್ವಂತದ್ದಾದರೆ ಕೇಳಲೇಬೇಡಿ! ಟಾಮ್ ಟಲ್ಲಿಸ್, ಡೋನಾ ಟೆಡೆಸ್ಕೊ 2005ರಲ್ಲಿ ಜನರ ಸ್ವಂತ ಫೋಟೊಗಳನ್ನೇ ಪಾಸ್‌ವರ್ಡ್ ಮಾಡಿ ನೋಡಿದರು. ಆ ಜನರಿಗೆ ಮತ್ತೆ ಪರೀಕ್ಷೆ ಇಟ್ಟಿದ್ದು ಯಾವಾಗ ಗೊತ್ತೆ? ಆರು ವರ್ಷದ ಮೇಲೆ! ಆಗಲೂ ಫೋಟೊ ಕೈಕೊಡಲಿಲ್ಲ.

ಮೂರು ಕಿಲೋಮೀಟರಿಗೂ ಆಳ ಇಳಿದ ನಮ್ಮ ಚಾಂಪಿಯನ್ ರೀಫ್ ಗಣಿಗಾದರೂ ತಳವಿತ್ತು. ಕಣ್ಣಿನ ನೆನಪಿಗೆ? ಮನೋವಿಜ್ಞಾನಿ ಲಯನೆಲ್ ಸ್ಟ್ಯಾಂಡಿಂಗ್ 1973ರಲ್ಲಿ ವರದಿ ಮಾಡಿದ ಪರೀಕ್ಷೆಯಲ್ಲಿ ಜನರಿಗೆ ತೋರಿಸಿದ್ದು ನೂರಲ್ಲ, ಸಾವಿರವಲ್ಲ. 10,000 ಚಿತ್ರ! ಆಮೇಲೆ ಹಳೇದು, ಹೊಸದು ಜೋಡಿಯಾಗಿಟ್ಟು ಕೇಳಿದರೆ ನೂರಕ್ಕೆ ಎಂಬತ್ತು ಸಲ ದಾಟಿ ಸರಿಯುತ್ತರ!

ಗಂಡಸರೇ, ನೀವು ಮಾತ್ರ ಸಿಕ್ಕಿಬಿದ್ದಿರಿ. ಮುಖಗಳನ್ನು ಪಾಸ್‌ವರ್ಡ್ ಆಗಿ ಆರಿಸಿಕೊಳ್ಳಿ ಅಂದರೆ ಕೈ ಚೆಲುವೆಯರ ಕಡೆಗೇ ಓಡುತ್ತದಂತೆ. 2004ರ ಒಂದು ಅಧ್ಯಯನದಲ್ಲಿ ನೂರಕ್ಕೆ ಹತ್ತು ಗಂಡಸರ ಗುಟ್ಟು ಎರಡೇ ಊಹೆಗೆ ಬಯಲು!

ಆದ್ದರಿಂದ ಸೈನೈಡ್ ದಿಬ್ಬ, ಗಣಿ ಹೆಡ್‌ಗಿಯರ್ ಬೇಡವೇ ಬೇಡ. ಕೆಜಿಎಫ್‌ನವರ ಫೋನ್ ಅಂದಮೇಲೆ ಅವನ್ನು ಯಾರಾದರೂ ಊಹಿಸಿಯಾರು! ಪಕ್ಕದ ಮನೆಯ ಮೇಕೆ ಹಾಕಿ. ಹಿತ್ತಲಿನ ಮುರಿದ ಕುರ್ಚಿ ಹಾಕಿ. ಪರರಿಗೆ ಸಪ್ಪೆ ಅನಿಸಿದಷ್ಟೂ ನಿಮಗೆ ಭದ್ರ.

ಒಂದೇ ಒಂದು ಎಚ್ಚರ. ಬೆಳಗಿನ ಬೆಂಗಳೂರು ರೈಲಿನಲ್ಲಿ, ಬಂಗಾರಪೇಟೆಯಲ್ಲಿ ಜನ ನುಗ್ಗಿದ ಮೇಲೆ, ಲಾಗಿನ್ ಆಗಲು ಹೋಗಬೇಡಿ. ಹೆಗಲ ಮೇಲಿಂದ ಬಗ್ಗಿ ನೋಡುವವರ ಕಣ್ಣಿಗೂ ನೆನಪು ಅಷ್ಟೇ ಗಟ್ಟಿ!