ಹಕ್ಕಿ ಬೆದರಿಸುವ ಧ್ವನಿಯಂತ್ರಗಳ ರಿಮೋಟಿನ ವ್ಯಾಪ್ತಿಯನ್ನು ಹೆಚ್ಚಿಸುವ ಕ್ರಮ

ಬೆಂಗಳೂರು ನಗರದ ಸುತ್ತಣ ಸಾಗುವಳಿ ಭೂಮಿಯು ವರ್ಷೇ ವರ್ಷೇ ಸಂಕುಚಿತವಾಗುತ್ತ ಬಂದಿರುವುದು ಸರ್ವರಿಗೂ ವಿದಿತವಾದ ವಿಷಯವು. ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯು ಸ್ಥಾಪಿತವಾಯಿತು. ಪೀಣ್ಯದಲ್ಲಿ ಕಾರ್ಖಾನೆಗಳೂ ವೈಟ್‌ಫೀಲ್ಡಿನಲ್ಲಿ ಗಾಜಿನ ಮಹಡಿಗಳೂ ಎದ್ದುವು. ಆದಾಗ್ಯೂ ಆನೇಕಲ್, ಸರ್ಜಾಪುರ, ಹೊಸಕೋಟೆಗಳ ಕಡೆಯಲ್ಲಿ ರಾಗಿ, ಮುಸುಕಿನ ಜೋಳ, ತರಕಾರಿ ಮತ್ತು ದ್ರಾಕ್ಷಿಯ ಬೇಸಾಯವು ಈಗಲೂ ನಡೆಯುತ್ತಲಿದೆ. ಕಟ್ಟಡಗಳ ನಡುವೆ ಉಳಿದ ಇಂಥ ಹೊಲಗಳ ಮೇಲೆ ಗಿಳಿ, ಗೊರವಂಕ, ಪಿಕಳಾರ ಮುಂತಾದ ಹಕ್ಕಿಗಳ ಹಾವಳಿಯು ಹೆಚ್ಚು. ಕವಣೆ ಹಿಡಿದು ಅಟ್ಟಣೆಯ ಮೇಲೆ ಕುಳಿತು ಕಾಯುವ ಆಳುಗಳು ಈಗ ದೊರೆಯುವುದು ದುರ್ಲಭವಾದುದರಿಂದ, ಹಲವರು ಧ್ವನಿಯಂತ್ರಗಳನ್ನು ಕೊಂಡು ತೋಟದಲ್ಲಿಡುತ್ತಿದ್ದಾರೆ. ಯಂತ್ರವನ್ನು ಕೊಂಡವರ ಸಾಮಾನ್ಯ ದೂರೇನೆಂದರೆ, ರಿಮೋಟಿನ ಗುಂಡಿಯನ್ನು ಒತ್ತಿದರೆ ನೂರು ಗಜದಾಚೆ ಅದು ಕೆಲಸ ಮಾಡುವುದಿಲ್ಲವೆಂಬುದು. ಈ ದೋಷದ ಕಾರಣವನ್ನೂ ಹೆಚ್ಚು ಖರ್ಚಿಲ್ಲದ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ.

ಯಂತ್ರದ ಸ್ವರೂಪ

ಈ ಯಂತ್ರವು ಮೊದಲು ಪರದೇಶಗಳಲ್ಲಿ ಬೇಟೆಗಾರರ ಉಪಯೋಗಕ್ಕಾಗಿ ಹುಟ್ಟಿದುದು. ಮೃಗಪಕ್ಷಿಗಳ ಕೂಗನ್ನು ಮುದ್ರಿಸಿ ಧ್ವನಿವರ್ಧಕದಿಂದ ಕೇಳಿಸಿ, ಅವುಗಳನ್ನು ಹತ್ತಿರಕ್ಕೆ ಸೆಳೆಯುವುದು ಅಲ್ಲಿನ ಪದ್ಧತಿ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಬೇಟೆಯ ಪ್ರಯತ್ನವೂ ಅಪರಾಧವೇ. ಆದುದರಿಂದ ಕಾಡುಹಂದಿಯನ್ನಾಗಲಿ ನವಿಲನ್ನಾಗಲಿ ಹಿಡಿಯುವುದಕ್ಕೋ ಕೊಲ್ಲುವುದಕ್ಕೋ ಕೂಗಿ ಕರೆಯುವ ಉದ್ದೇಶದಿಂದ ಇದನ್ನು ಎಷ್ಟು ಮಾತ್ರವೂ ಉಪಯೋಗಿಸಕೂಡದು. ಅದೇ ಯಂತ್ರದಲ್ಲಿ ಗಿಡುಗದ ಕೂಗನ್ನೋ ಸಿಕ್ಕಿಬಿದ್ದ ಹಕ್ಕಿಯ ಆರ್ತನಾದವನ್ನೋ ಕೇಳಿಸಿ ಪೈರಿನ ಮೇಲಿಂದ ಹಕ್ಕಿಗಳನ್ನು ಎಬ್ಬಿಸುವುದೇ ಇಲ್ಲಿ ಹೇಳುವ ಉಪಯೋಗವು.

ವ್ಯಾಪ್ತಿಯು ಏಕೆ ಬೇಕು?

ಯಂತ್ರವನ್ನು ಬೆಳಗಿನಿಂದ ಸಂಜೆಯ ತನಕ ತಾನಾಗಿಯೇ ಕೂಗಲು ಬಿಟ್ಟರೆ, ಕೆಲವು ದಿನಗಳಲ್ಲಿಯೇ ಹಕ್ಕಿಗಳು ಆ ಧ್ವನಿಗೆ ಒಗ್ಗಿಕೊಳ್ಳುತ್ತವೆ; ಬೆದರುಬೊಂಬೆಯ ತಲೆಯ ಮೇಲೆ ಕಾಗೆ ಕೂರುವಂತೆ ಧ್ವನಿವರ್ಧಕದ ಮೇಲೆಯೇ ಬಂದು ಕೂರುತ್ತವೆ. ಹಕ್ಕಿಯ ಹಿಂಡು ಇಳಿಯುವ ಸಮಯಕ್ಕೆ ಸರಿಯಾಗಿ, ಸ್ವಲ್ಪ ಹೊತ್ತು ಮಾತ್ರ, ಪ್ರತಿಬಾರಿಯೂ ಬೇರೆ ಕೂಗನ್ನು ಕೇಳಿಸಿದರೆ ಭಯವು ಹೆಚ್ಚು ಕಾಲ ಉಳಿಯುವುದು. ಹೀಗೆ ಮಾಡಬೇಕಾದರೆ, ಪಂಪುಮನೆಯಿಂದಲೋ ಕೆರೆಯ ಏರಿಯ ಮೇಲಿಂದಲೋ ಇಡೀ ಬಯಲನ್ನು ನೋಡುತ್ತಿರುವ ಒಬ್ಬ ಕಾವಲುಗಾರನ ಕೈಯಲ್ಲಿ ಗುಂಡಿಯಿರಬೇಕು. ರಿಮೋಟು ಮುಟ್ಟುವ ದೂರವು ಹೆಚ್ಚಿದಂತೆಲ್ಲ, ಒಬ್ಬನೇ ಆಳು ಹೆಚ್ಚು ಹಿಡುವಳಿಗಳನ್ನು ಕಾಯಬಲ್ಲನು.

ಶಕ್ತಿಗಿಂತ ಎತ್ತರವೇ ಮುಖ್ಯ

ದೂರ ಸಾಲದಿದ್ದಾಗ ಹೆಚ್ಚು ಶಕ್ತಿಯ ರಿಮೋಟನ್ನು ಕೊಳ್ಳುವುದೇ ಉಪಾಯವೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಇದು ಸರಿಯಲ್ಲ. ರೇಡಿಯೋ ಅಲೆಯು ನೆಲಕ್ಕೆ ಹತ್ತಿರವಾಗಿ ಹಾಯುವಾಗ ನೆಲದಿಂದ ಪ್ರತಿಫಲಿಸಿದ ಅಲೆಯು ನೇರವಾಗಿ ಬಂದ ಅಲೆಯನ್ನು ಬಹುಮಟ್ಟಿಗೆ ಅಳಿಸಿಹಾಕುವುದು. ಆದಕಾರಣ ಬಯಲಿನಲ್ಲಿ ನೂರಾರು ಗಜಗಳ ದೂರಕ್ಕೆ, ವ್ಯಾಪ್ತಿಯನ್ನು ಎರಡರಷ್ಟು ಮಾಡಲು ಶಕ್ತಿಯನ್ನು ಸುಮಾರು ೧೬ರಷ್ಟು ಹೆಚ್ಚಿಸಬೇಕಾಗುವುದು. ಆದರೆ ಧ್ವನಿಯಂತ್ರದ ಆಂಟೆನಾವನ್ನು ೪ ಅಡಿಯಿಂದ ೧೬ ಅಡಿಯ ಎತ್ತರಕ್ಕೆ ಏರಿಸಿದರೆ ಅದೇ ಫಲವು ಒಂದು ಸರ್ವೆಯ ಗಳುವಿನ ಖರ್ಚಿನಲ್ಲಿ ದೊರೆಯುವುದು. ಮೇಲಾಗಿ ಶಕ್ತಿಯನ್ನು ಮನಬಂದಂತೆ ಹೆಚ್ಚಿಸುವುದಕ್ಕೆ ಕಾನೂನಿನ ಅಡ್ಡಿಯಿದೆ. ೨೦೦೫ರಲ್ಲಿ ಕೇಂದ್ರ ಸರ್ಕಾರವು ೮೬೫ರಿಂದ ೮೬೭ ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನಿಂದ ವಿಮುಕ್ತಗೊಳಿಸಿದಾಗಲೂ ಪ್ರೇಷಕದ ಶಕ್ತಿಯು ೧ ವಾಟನ್ನು ಮೀರಕೂಡದೆಂದು ವಿಧಿಸಿತು. ಇತರ ಪಟ್ಟಿಗಳಿಗೂ ಅವುಗಳದೇ ಮಿತಿಗಳುಂಟು. ಅಂಗಡಿಯವರು ತೋರಿಸುವ ಶಕ್ತಿವರ್ಧಕ ಪೆಟ್ಟಿಗೆಗಳನ್ನು ಕೊಳ್ಳತಕ್ಕದ್ದಲ್ಲ.

ಅನುಸರಿಸತಕ್ಕ ಕ್ರಮಗಳು

೧. ಆಂಟೆನಾವನ್ನು ಪೈರಿನ ತುದಿಗಿಂತ ಸಾಕಷ್ಟು ಮೇಲಕ್ಕೆ, ಕಾವಲುಗಾರನು ನಿಲ್ಲುವ ಸ್ಥಳವು ನೇರವಾಗಿ ಕಾಣುವಂತೆ ಕಟ್ಟತಕ್ಕದ್ದು. ನೆಲದಲ್ಲಿಟ್ಟ ಯಂತ್ರಕ್ಕೆ ಎದೆಯೆತ್ತರದ ಜೋಳವೂ ಗೋಡೆಯಂತಾಗುವುದು. ಮಂಜಿನಿಂದ ಒದ್ದೆಯಾದ ಎಲೆಯು ಅಲೆಯನ್ನು ಇನ್ನೂ ಹೆಚ್ಚಾಗಿ ಹೀರುವುದು.

೨. ದ್ರಾಕ್ಷಿಯ ತೋಟದಲ್ಲಿ ಚಪ್ಪರದ ಕಬ್ಬಿಣದ ತಂತಿಗಳು ಅಲೆಯನ್ನು ತಡೆಯುವುವು. ಅಲ್ಲಿ ಆಂಟೆನಾವು ಚಪ್ಪರದ ಮೇಲಕ್ಕೆ ಎದ್ದು ನಿಲ್ಲಲೇಬೇಕು.

೩. ಕಂಬದ ತುದಿಯಿಂದ ಕೆಳಗಿನ ಯಂತ್ರಕ್ಕೆ ಉದ್ದವಾದ ಆಂಟೆನಾ ಕೇಬಲನ್ನು ಇಳಿಸಬಾರದು. ತೆಳುವಾದ ಕೇಬಲು ೧೦ ಮೀಟರಿನಲ್ಲಿಯೇ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ನುಂಗುವುದು. ಗ್ರಾಹಕ ಪೆಟ್ಟಿಗೆಯನ್ನೇ ಮಳೆ ತಾಗದಂತೆ ಮುಚ್ಚಿ ಮೇಲೆ ಕಟ್ಟಿ, ಧ್ವನಿವರ್ಧಕದ ತಂತಿಯನ್ನು ಕೆಳಕ್ಕೆ ತರುವುದು ಲೇಸು.

೪. ೪೩೩ ಮೆಗಾಹರ್ಟ್ಸ್ ಯಂತ್ರದ ಅಲೆಯ ಉದ್ದವು ಸುಮಾರು ೬೯ ಸೆಂಟಿಮೀಟರು. ಅದರ ಕಾಲುಭಾಗವಾದ ೧೭ ಸೆಂಟಿಮೀಟರಿನ ನೆಟ್ಟನೆಯ ಆಂಟೆನಾವು, ಪೆಟ್ಟಿಗೆಯೊಳಗೆ ಸುರುಳಿಸುತ್ತಿದ ಮೋಟು ತಂತಿಗಿಂತ ಉತ್ತಮವಾದುದು. ೮೬೬ ಮೆಗಾಹರ್ಟ್ಸಿಗೆ ಇದರ ಅರ್ಧ ಸಾಕು. ರಿಮೋಟಿನ ಆಂಟೆನಾ, ಯಂತ್ರದ ಆಂಟೆನಾ ಎರಡೂ ನೆಟ್ಟಗೆ ನಿಂತಿರಬೇಕು. ಒಂದು ನಿಂತು ಇನ್ನೊಂದು ಮಲಗಿದ್ದರೆ ವ್ಯಾಪ್ತಿಯು ಕುಗ್ಗುವುದು.

೫. ಗುಂಡಿಯನ್ನು ಒತ್ತುವಾಗ ರಿಮೋಟನ್ನು ಸೊಂಟದ ಬಳಿ ಹಿಡಿಯದೆ ತಲೆಯ ಮೇಲಕ್ಕೆ ಎತ್ತಿ ಹಿಡಿಯತಕ್ಕದ್ದು. ಬ್ಯಾಟರಿಯು ಬಲಗುಂದುವ ಮೊದಲೇ ಅದನ್ನು ಬದಲಾಯಿಸಬೇಕು.

೬. ಪಂಪುಸೆಟ್ಟಿನ ಸ್ಟಾರ್ಟರು, ಅಗ್ಗದ ಚಾರ್ಜರು, ಎಲ್.ಇ.ಡಿ. ದೀಪದ ಪೆಟ್ಟಿಗೆ ಮುಂತಾದುವು ರೇಡಿಯೋ ಗದ್ದಲವನ್ನು ಎಬ್ಬಿಸುತ್ತವೆ; ಗ್ರಾಹಕವನ್ನು ಇವುಗಳಿಂದ ದೂರವಿಡಬೇಕು. ತಗಡಿನ ಷೆಡ್ಡು ಅಥವಾ ಕಾರ್ಖಾನೆಯ ಗೋಡೆಯು ದಾರಿಗೆ ಅಡ್ಡವಾಗಿದ್ದರೆ ಕಂಬದ ಸ್ಥಳವನ್ನು ಕೆಲವೇ ಹೆಜ್ಜೆ ಬದಲಾಯಿಸಿದರೂ ಗುಣ ಕಾಣಬಹುದು.

ವಿದ್ಯುತ್ ಕಂಬಕ್ಕೆ ಆಂಟೆನಾವನ್ನು ಎಂದಿಗೂ ಕಟ್ಟಕೂಡದು. ಗಳುವು ಜಾರಿ ಬಿದ್ದರೂ ವಿದ್ಯುತ್ ತಂತಿಗೆ ತಗುಲದಷ್ಟು ದೂರದಲ್ಲಿ ಅದನ್ನು ನಿಲ್ಲಿಸಬೇಕು. ಗುಡುಗು ಮಿಂಚಿನ ವೇಳೆಯಲ್ಲಿ ಕಂಬದ ಬಳಿ ಯಾರೂ ಇರತಕ್ಕದ್ದಲ್ಲ.

ಪರೀಕ್ಷೆ

ಪೆಟ್ಟಿಗೆಯ ಮೇಲೆ ಅಚ್ಚಾದ ದೂರವು ಯಾವ ಅಡ್ಡಿಯೂ ಇಲ್ಲದ ಬಯಲಿಗೆ ಮಾತ್ರ ಹೊಂದುವುದು. ಯಂತ್ರದ ಬಳಿ ಒಬ್ಬನನ್ನು ನಿಲ್ಲಿಸಿ, ಇನ್ನೊಬ್ಬನು ಐವತ್ತೈವತ್ತು ಹೆಜ್ಜೆಗೊಮ್ಮೆ ನಿಂತು ಹತ್ತು ಸಲ ಗುಂಡಿಯನ್ನು ಒತ್ತಲಿ. ಹತ್ತರಲ್ಲಿ ಒಂಬತ್ತು ಸಲವಾದರೂ ಯಂತ್ರವು ಓಗೊಡುವ ಕೊನೆಯ ಸ್ಥಳವೇ ನಂಬತಕ್ಕ ವ್ಯಾಪ್ತಿಯು. ಪೈರು ಬೆಳೆದ ಮೇಲೆ, ಮಂಜು ಬಿದ್ದ ಮುಂಜಾನೆಯಲ್ಲಿ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಅವಶ್ಯಕ. ಗಾಳು ಬಲಿಯುವ ಆ ವಾರಗಳಲ್ಲಿ ಯಂತ್ರವು ಕೈಕೊಟ್ಟರೆ ವರ್ಷದ ದುಡಿಮೆಯೇ ಹಕ್ಕಿಯ ಪಾಲಾಗುವುದು.

ನೆರೆಹೊರೆಯವರ ನೆಮ್ಮದಿ

ಹೆಚ್ಚಿಸಬೇಕಾದುದು ರಿಮೋಟಿನ ವ್ಯಾಪ್ತಿಯೇ ಹೊರತು ಧ್ವನಿಯ ಅಬ್ಬರವಲ್ಲ. ಈ ಸೀಮೆಯಲ್ಲಿ ಹೊಲದ ಬದುವಿಗೇ ಹೊಸ ಬಡಾವಣೆಗಳು ತಾಗಿಕೊಂಡಿವೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ಹಗಲಿನ ಮಿತಿಯು ೫೫ ಡೆಸಿಬೆಲ್, ರಾತ್ರಿಯದು ೪೫ ಡೆಸಿಬೆಲ್. ಧ್ವನಿವರ್ಧಕಕ್ಕೆ ಅಧಿಕಾರಿಗಳ ಲಿಖಿತ ಅನುಮತಿಯು ಬೇಕು. ರಾತ್ರಿ ೧೦ ಗಂಟೆಯಿಂದ ಬೆಳಗ್ಗೆ ೬ ಗಂಟೆಯವರೆಗೆ ಬಯಲಿನಲ್ಲಿ ಅದನ್ನು ಉಪಯೋಗಿಸುವಂತಿಲ್ಲ. ಆದುದರಿಂದ ಧ್ವನಿವರ್ಧಕದ ಬಾಯನ್ನು ಮನೆಗಳ ಕಡೆಗೆ ತಿರುಗಿಸದೆ ಪೈರಿನ ಕಡೆಗೇ ಇಡತಕ್ಕದ್ದು. ಒಂದು ದೊಡ್ಡ ಧ್ವನಿವರ್ಧಕಕ್ಕಿಂತ ಅಲ್ಲಲ್ಲಿ ಇಟ್ಟ ಎರಡು ಮೂರು ಸಣ್ಣವು ಮೇಲು. ರಾತ್ರಿ ಬರುವ ಕಾಡುಹಂದಿಗೆ ಬೇಲಿ, ದೀಪ ಮತ್ತು ಕಾವಲುಗಳೇ ಮಾರ್ಗವು. ಬನ್ನೇರುಘಟ್ಟದ ಕಾಡಿನಂಚಿನ ಗ್ರಾಮಗಳಲ್ಲಿ ಆನೆಯು ಕಂಡರೆ ಯಂತ್ರವನ್ನು ಕೂಗಿಸಿ ಕೆರಳಿಸದೆ, ಕೂಡಲೇ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಗ್ರಾಮದ ಮುಖಂಡರು ಒಂದೇ ಬಯಲಿನ ಹಿಡುವಳಿದಾರರನ್ನು ಸೇರಿಸಿ, ಪ್ರತಿಯೊಬ್ಬರೂ ಬೇರೆ ಬೇರೆ ಯಂತ್ರ ಕೊಳ್ಳುವ ಬದಲು ಎಲ್ಲರಿಗೂ ಸಲ್ಲುವ ಒಂದೆರಡನ್ನು ಕೊಳ್ಳುವಂತೆಯೂ, ಎತ್ತರದ ಗಳುವನ್ನು ನಿಲ್ಲಿಸಿ ಕಾವಲಿನ ಸರದಿಯನ್ನು ಗೊತ್ತುಮಾಡುವಂತೆಯೂ ಏರ್ಪಡಿಸಿದರೆ ಖರ್ಚು ಹಂಚಿಹೋಗುವುದು. ಬಡಾವಣೆಯವರಿಗೆ ಯಂತ್ರವು ಕೂಗುವ ವೇಳೆಯನ್ನು ಮುಂಚಿತವಾಗಿ ತಿಳಿಸಿಟ್ಟರೆ ತಕರಾರುಗಳೂ ಕಡಿಮೆಯಾಗುವುವು. ರಾಗಿ ತೆನೆಗಟ್ಟುವುದಕ್ಕೂ ದ್ರಾಕ್ಷಿ ಬಣ್ಣ ತಿರುಗುವುದಕ್ಕೂ ಎರಡು ವಾರ ಮುಂಚಿತವಾಗಿಯೇ ಈ ಏರ್ಪಾಡುಗಳನ್ನು ಮುಗಿಸಿಕೊಳ್ಳುವುದು ಉಚಿತವು.